ಸೂಪ್ ತಟ್ಟೆಯಲ್ಲಿ ಸನ್‌ಡ್ಯೂ

ಲಂಡನ್ನಿನ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದು ಕೇಪ್ ಸನ್‌ಡ್ಯೂ ಇದೆ. ದಕ್ಷಿಣ ಆಫ್ರಿಕಾ ಮೂಲದ ಕೀಟಾಹಾರಿ ಗಿಡ. ಎಲೆ ತುಂಬ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಇಬ್ಬನಿಯಂಥ ಅಂಟು ಹನಿ. ನೊಣ ಕೂತರೆ ಅದರ ಕತೆ ಮುಗೀತು. ಕಳೆದ ವರ್ಷ ಇದನ್ನ ನಾನೇ ಹೆಚ್ಚುಕಡಿಮೆ ಕೊಂದಿದ್ದೆ. ನಲ್ಲಿ ನೀರು ಹಾಕಿದೆ. ಸೊರಗ್ತಿದೆ ಅಂತ ಗೊಬ್ಬರದ ನೀರನ್ನೂ ಹಾಕಿದೆ. ಮೊದಲು ಹನಿಗಳು ಮಾಯವಾದವು, ಆಮೇಲೆ ಎಲೆಗಳು ಕಪ್ಪಾದವು. ಊಟ ಹಾಕಿದರೆ ಸಾಯೋ ಗಿಡ ಇದೆಂಥದು ಅಂತ ಹುಡುಕುತ್ತಾ ಹೋಗಿ ಡಾರ್ವಿನ್ ಹತ್ತಿರ ಬಂದು ನಿಂತೆ.

1860ರ ಬೇಸಿಗೆ. 'ಆರಿಜಿನ್ ಆಫ್ ಸ್ಪೀಷೀಸ್' ಹೊರಬಂದು ವರ್ಷವೂ ಆಗಿರಲಿಲ್ಲ. ಸಸೆಕ್ಸ್‌ನ ಹಾರ್ಟ್‌ಫೀಲ್ಡ್ ಹತ್ತಿರ ರಜೆಯಲ್ಲಿದ್ದ ಡಾರ್ವಿನ್, ಅಲ್ಲಿನ ದುಂಡೆಲೆಯ ಸನ್‌ಡ್ಯೂ ಗಿಡ ಹನ್ನೆರಡನ್ನು ಕಿತ್ತು ಎಣಿಸಿದ: ಅರಳಿದ ಎಲೆ 56, ಅವುಗಳಲ್ಲಿ 31ಕ್ಕೆ ಸತ್ತ ಹುಳು ಅಂಟಿತ್ತು. ಇಷ್ಟಾದ್ಮೇಲೆ ಬಿಡೋ ಮನುಷ್ಯ ಅಲ್ಲ ಅವನು. ಎಲೆಗಳಿಗೆ ಮಾಂಸ, ಹಾಲು, ಮೊಟ್ಟೆಯ ಬಿಳಿ, ಗಾಜಿನ ಚೂರು ಎಲ್ಲ ಇಟ್ಟು ನೋಡಿದ. 0.000822 ಮಿಲಿಗ್ರಾಂ ತೂಕದ ಕೂದಲಿನ ತುಣುಕಿಗೂ ಎಲೆಯ ಕೂದಲು ಬಾಗಿತು. ಆದರೆ ಮೇಲಿಂದ ಬಿದ್ದ ನೀರಿನ ಹನಿಗೆ ಅಲುಗಲಿಲ್ಲ. ಮಳೆಗೆಲ್ಲ ಎದ್ದು ಕೂತರೆ ಗಿಡಕ್ಕೆ ಬೇರೆ ಕೆಲಸ ಬೇಡವಾ! ಗಂಡ ಕೊನೆಗೆ ಇದನ್ನು ಪ್ರಾಣಿ ಅಂತಲೇ ಸಾಬೀತು ಮಾಡ್ತಾರೇನೋ ಅಂತ ಹೆಂಡತಿ ಎಮ್ಮಾ ಕಾಗದದಲ್ಲಿ ತಮಾಷೆ ಮಾಡಿದ್ದುಂಟು. ಇದೆಲ್ಲ ಪುಸ್ತಕವಾಗಿದ್ದು 1875ರಲ್ಲಿ.

ಆದರೂ ಒಂದು ತಕರಾರು ಉಳೀತು. ಗಿಡ ಹುಳು ಹಿಡಿಯುತ್ತೆ, ಕರಗಿಸುತ್ತೆ, ಸರಿ. ಅದರಿಂದ ಗಿಡಕ್ಕೆ ಲಾಭ ಇದೆಯಾ? ಹುಳು ಸಿಗದಿದ್ದರೂ ಸನ್‌ಡ್ಯೂ ಚೆನ್ನಾಗೇ ಬೆಳೆಯುತ್ತೆ ಅನ್ನೋರಿದ್ದರು.

ಉತ್ತರ ಹುಡುಕಿದ್ದು ಮಗ ಫ್ರಾನ್ಸಿಸ್. ದಿನವಿಡೀ ಎ/ಬಿ ಟೆಸ್ಟ್ ಜೊತೆ ಏಗೋ ನನಗೆ ಇಡೀ ಕತೆಯಲ್ಲಿ ತುಂಬ ಹಿಡಿಸಿದ್ದು ಇದೇ. 1877ರಲ್ಲಿ ಅವನು ಸುಮಾರು 200 ಗಿಡಗಳನ್ನು ಪಾಚಿ ತುಂಬಿದ ಸೂಪ್ ತಟ್ಟೆಗಳಲ್ಲಿ ನೆಟ್ಟ. ಪ್ರತಿ ತಟ್ಟೆಗೂ ಮಧ್ಯೆ ಸಣ್ಣ ಅಡ್ಡಗೋಡೆ. ಒಂದು ಕಡೆಯವಕ್ಕೆ ಹುರಿದ ಮಾಂಸದ ಚೂರೇ ಚೂರು, ಇನ್ನೊಂದು ಕಡೆಯವಕ್ಕೆ ಉಪವಾಸ. ನೊಣಗಳು ಬಂದು ಲೆಕ್ಕ ಕೆಡಿಸಬಾರದು ಅಂತ ಎಲ್ಲದರ ಮೇಲೂ ಜಾಲರಿ. ಒಂದೇ ತಟ್ಟೆ, ಒಂದೇ ನೀರು, ಒಂದೇ ಬಿಸಿಲು. ವ್ಯತ್ಯಾಸ ಮಾಂಸ ಮಾತ್ರ. ಬೀಜ ಎಣಿಸಿದಾಗ ಗುಟ್ಟು ರಟ್ಟಾಯಿತು: ಉಪವಾಸದ ಗಿಡಗಳ ಬೀಜ 100 ಅಂತಿಟ್ಟುಕೊಂಡರೆ ಉಂಡವುಗಳದ್ದು ಸುಮಾರು 240, ತೂಕದಲ್ಲಿ ಸುಮಾರು 380.

ಅಂದರೆ ಇದರ ಬಾಯಿ ಎಲೆಯಲ್ಲಿದೆ. ಖನಿಜ, ಸಾರಜನಕ ಹೆಚ್ಚೇನೂ ಇಲ್ಲದ ಜೌಗಿನಲ್ಲಿ ಬೆಳೆದ ಬೇರಿಗೆ ಸಾರದ ನೀರು ಕುಡಿದು ಅಭ್ಯಾಸವೇ ಇಲ್ಲ. ನಮ್ಮ ಕರಾವಳಿಯ ಜಂಬಿಟ್ಟಿಗೆ ಪಾರೆಗಳಲ್ಲಿ ಮಳೆಗಾಲಕ್ಕೆ ಏಳೋ ಸನ್‌ಡ್ಯೂಗಳೂ ಇಂಥ ಬಡ ನೆಲದವೇ. ನಾನು ಹಾಕಿದ್ದು ಸುಣ್ಣ ತುಂಬಿದ ಲಂಡನ್ ನೀರು, ಮೇಲಿಂದ ಗೊಬ್ಬರ!

ಕಪ್ಪಾದ ಎಲೆಗಳನ್ನೆಲ್ಲ ಕತ್ತರಿಸಿದೆ. ಬೇರು ಗಟ್ಟಿಯಾಗಿತ್ತು. ಗೊಬ್ಬರ ಬೆರೆಸದ ಪೀಟ್ ಮತ್ತು ಪರ್ಲೈಟ್‌ಗೆ ಬದಲಾಯಿಸಿ, ಕುಂಡವನ್ನು ಮಳೆನೀರಿನ ತಟ್ಟೆಯಲ್ಲಿ ಕೂರಿಸಿ, ಬಿಸಿಲಿಗಿಟ್ಟೆ. ಐದು ವಾರ ಏನೂ ಇಲ್ಲ. ಬಿಸಾಕೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಬೇರಿಂದಲೇ ಒಂದು ಚಿಗುರು ಸುರುಳಿ ಬಿಚ್ಚಿತು. ಹನಿ ಬರೋಕೆ ಇನ್ನೂ ಹದಿನೈದು ದಿನ ಹಿಡೀತು.

ಹುರಿದ ಮಾಂಸ ಇನ್ನೂ ಕೊಟ್ಟಿಲ್ಲ. ಇರೋದೇ ಒಂದು ಗಿಡ, ಯಾವುದರ ಜೊತೆ ಹೋಲಿಸಲಿ? ಗೊಬ್ಬರದ ಬಾಟಲಿ ಈಗ ಕರಿಬೇವಿನ ಕುಂಡದ ಪಕ್ಕ ಇದೆ.