ಕಟ್ಟುವ ಮಾತು, ಕಟ್ಟಿದ ನಾಡು

ಪುಣೆಯಲ್ಲಿ ನೆಲೆನಿಂತ ನಾವು ಕನ್ನಡಿಗರು ಮನೆಯೊಳಗೊಂದು ಮಾತು, ಬೀದಿಯಲ್ಲೊಂದು ಮಾತು ಆಡುತ್ತ ಬಾಳುವವರು. ಈ ಎರಡರ ನಡುವೆ ದೊಡ್ಡ ಗೋಡೆಯಿದೆಯೆಂದು ಹಲವರ ಎಣಿಕೆ. ಆದರೆ ಮನೆ, ಕಂಬ, ಕಟ್ಟೆಗಳ ಹೆಸರುಗಳನ್ನೇ ತುಸು ನಿಂತು ಕೇಳಿದರೆ ಆ ಗೋಡೆಯಲ್ಲಿ ಎಷ್ಟೋ ಬಾಗಿಲುಗಳು ಕಾಣುತ್ತವೆ. ಬ್ಯಾಂಕಿನ ಲೆಕ್ಕ ಬರೆಯುವ ನಮಗೆ ಭಾಷಾಶಾಸ್ತ್ರದ ಅಧಿಕಾರವಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ವಾಚಕ ಬಂಧುಗಳ ಮುಂದಿಡುತ್ತೇವೆ, ಅಷ್ಟೆ.

ಈ ಊರಿನ ನಂಟು ನಮಗೆ ಹೊಸದಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕ್ರಿ.ಶ. 758 ಮತ್ತು 768ರ ತಾಮ್ರಶಾಸನಗಳಲ್ಲಿಯೇ ಪುಣೆಯ ಸೀಮೆಯ ಹೆಸರು ಬಂದಿದೆ. ಅಂದಿನಿಂದ ಇಂದಿನವರೆಗೆ ಮಾತುಗಳು ಭೀಮೆಯನ್ನೂ ಕೃಷ್ಣೆಯನ್ನೂ ದಾಟಿ ಅತ್ತಿತ್ತ ಓಡಾಡಿವೆ.

ನಮ್ಮ ‘ಕಟ್ಟು’ ಎಂಬ ಎರಡಕ್ಷರದ ಪದವನ್ನೇ ನೋಡಿರಿ. ಹಸುವನ್ನು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಬ್ಯಾಂಕಿನಲ್ಲಿ ಹಣವನ್ನೂ ಕಟ್ಟುತ್ತೇವೆ. ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು, ಅಣೆಕಟ್ಟು, ಎಲ್ಲವೂ ಇದರ ಸಂತಾನವೇ. ಮರಾಠಿಯವರ ‘ಬಾಂಧಣೆ’ಯೂ ಹೀಗೆಯೇ ಹಗ್ಗ ಬಿಗಿಯುವುದಕ್ಕೂ ಮನೆ ಎಬ್ಬಿಸುವುದಕ್ಕೂ ಒಂದೇ ಮಾತು. ಬಿಡಿಬಿಡಿಯಾದದ್ದನ್ನು ಕೂಡಿಸಿ ಬಿಗಿದರೇನೇ ಕಟ್ಟಡ ಎಂಬ ತಿಳಿವಳಿಕೆ ಎರಡು ನುಡಿಗಳಲ್ಲಿಯೂ ಒಂದೇ ಬಗೆಯಾಗಿ ನಿಂತಿದೆ.

ಪುಣೆಯ ತರುಣರು ಸಂಜೆ ಸೇರುವ ‘ಕಟ್ಟಾ’ ನಮ್ಮ ಅರಳಿಕಟ್ಟೆಯ ಒಡಹುಟ್ಟು. ಕಲ್ಲಿನ ಜಗಲಿಗಿದ್ದ ಹೆಸರು ಇಲ್ಲಿ ಹರಟೆಯ ಕೂಟಕ್ಕೇ ಬಂದಿದೆ. ನಾವೂ ‘ಹರಟೆಕಟ್ಟೆ’ ಎನ್ನುವುದಿಲ್ಲವೇ? ನೆರೆಯ ಬಡಗಿಯನ್ನು ಇಲ್ಲಿ ‘ಸುತಾರ’ ಎನ್ನುತ್ತಾರೆ. ಅದು ಸೂತ್ರಧಾರ, ಅಂದರೆ ಅಳತೆಯ ನೂಲು ಹಿಡಿದವನು. ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಕೊಂಡಾಡಿದೆ. ಅಂದು ಬಿರುದಾದದ್ದು ಇಲ್ಲಿ ಕಸುಬಿನ ಹೆಸರಾಗಿ ಉಳಿಯಿತು. ನಮ್ಮಲ್ಲಿ ಅದೇ ಮಾತು ನಾಟಕದ ರಂಗವನ್ನೇರಿತು.

ಅತ್ತಿಂದ ಬಂದ ಮಾತುಗಳೂ ಉಂಟು. ಬುನಾದಿ, ಪಾಯ, ಇಮಾರತುಗಳು ಪಾರಸಿ, ಅರಬ್ಬಿ ಮೂಲದವು. ನಾಲ್ಕು ಕಟ್ಟಿಗೆಗಳದ್ದೆಂಬ ಅರ್ಥದ ‘ಚೌಕಟ’ ನಮ್ಮ ಬಾಯಲ್ಲಿ ‘ಚೌಕಟ್ಟು’ ಆಯಿತು. ಬಂದ ಅತಿಥಿಗೂ ಕನ್ನಡವು ತನ್ನ ‘ಕಟ್ಟು’ವನ್ನು ತೊಡಿಸಿಬಿಟ್ಟಿತು!

ಇನ್ನು ಪುಣೆಯ ವಾಡಾಗಳನ್ನು ಹೊಕ್ಕು ನೋಡೋಣ. ಒಂದನೆಯ ಬಾಜೀರಾಯನು 1730ರ ಜನವರಿ 10ರಂದು ಅಡಿಗಲ್ಲಿಟ್ಟ ಶನಿವಾರವಾಡಾ 1828ರ ಬೆಂಕಿಯಲ್ಲಿ ಉರಿದುಹೋಯಿತು. ತೇಗದ ಮಹಡಿಗಳು ಬೂದಿಯಾದರೂ ಕಲ್ಲಿನ ಕೋಟೆಗೋಡೆಗಳೂ ಬಾಗಿಲುಗಳೂ ನಿಂತಿವೆ. 1961ರ ಜುಲೈ 12ರಂದು ಪಾನಶೇತದ ಅಣೆಕಟ್ಟು ಒಡೆದಾಗ ನದೀತೀರದ ಪೇಟೆಗಳಲ್ಲಿ ಎಷ್ಟೋ ಹಳೆಯ ವಾಡಾಗಳು ನೆಲಕಚ್ಚಿದವು. ಉಳಿದವುಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟುಗಳನ್ನು ಎಬ್ಬಿಸುತ್ತಿದ್ದಾರೆ. ವಾಡಾದ ‘ಮಾಜಘರ’ ಎಂದರೆ ನಮ್ಮ ನಡುಮನೆಯೇ. ಅವರು ಮನೆಯನ್ನು ‘ಖಣ’ಗಳಿಂದ ಅಳೆದರೆ ನಮ್ಮ ಹಿರಿಯರು ಅಂಕಣಗಳಿಂದ ಅಳೆದರು. ಈ ಮನೆಗಳು ಹೋದಂತೆ ಮಾಜಘರವೂ ನಡುಮನೆಯೂ ಕೂಡಿಯೇ ಮರೆಯಾಗುತ್ತಿವೆ.

ಮೊನ್ನೆ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯು ನಮ್ಮ ಹುಡುಗನಿಗೆ, “ಪಡಸಾಲ್ಯಾಗ ಚಾಪಿ ಹಾಸೋ, ತಮ್ಮಾ” ಎಂದರು. ಹುಡುಗ ಚಾಪೆ ಹಿಡಿದುಕೊಂಡು ನಮ್ಮ ಮುಖ ನೋಡುತ್ತ ನಿಂತ. ಅಜ್ಜಿ ನಕ್ಕರು; ನಮಗೆ ನಗೆ ಬರಲಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಬೆಳೆದ ಮಗುವಿಗೆ ಹಾಲು, ಕಿಚನ್ನು ಗೊತ್ತು. ಪಡಸಾಲೆ ಎಲ್ಲಿಂದ ಗೊತ್ತಾಗಬೇಕು? ತಪ್ಪು ಹುಡುಗನದಲ್ಲ. ವಸ್ತು ಕಣ್ಣೆದುರಿಗೆ ಇಲ್ಲದಾಗ ಹೆಸರನ್ನಾದರೂ ಕೈಗಿತ್ತು ಹೋಗಬೇಕಾದವರು ನಾವಾಗಿದ್ದೆವು.

ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು 1905ರಲ್ಲಿ ಹಂಪೆಯ ಹಾಳನ್ನು ಕಂಡು ಬಂದರು. ಬಿದ್ದ ಕಟ್ಟಡಗಳ ನಡುವೆ ಅವರಿಗೆ ಹೊಳೆದದ್ದು ನಾಡು ಕಟ್ಟುವ ಬಯಕೆ. ಅದಕ್ಕಾಗಿ ದುಡಿದ ಅನೇಕರ ಶ್ರಮದಿಂದ 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದುಗೂಡಿದವು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಹಸುವಿಗೂ ಬುತ್ತಿಗೂ ಸಲ್ಲುವ ‘ಕಟ್ಟು’ ಎಂಬ ಅದೇ ಮಾತು ನಾಡಿಗೂ ಸಂದಿತು.

ಈ ರಾಜ್ಯೋತ್ಸವದ ದಿನ ನಮ್ಮದೊಂದು ಚಿಕ್ಕ ವಿನಂತಿ. ಊರಿನ ಹಿರಿಯರನ್ನು ಕೇಳಿ, ಹೊಸ್ತಿಲಿನಿಂದ ಮಾಳಿಗೆಯವರೆಗೆ ನಿಮ್ಮ ಹಳೆಯ ಮನೆಯ ಒಂದೊಂದು ಭಾಗದ ಹೆಸರನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ತೊಲೆ, ಜಂತಿ, ಪಡಸಾಲೆ, ಹಿತ್ತಿಲು ಎಲ್ಲವೂ ಇರಲಿ. ಆ ಮನೆ ಇಂದು ನಿಂತಿರಲಿ, ಬಿದ್ದಿರಲಿ, ಮಾರಿಹೋಗಿರಲಿ, ಅದರ ಹೆಸರುಗಳು ಮಕ್ಕಳ ಪಾಲಿಗೆ ಬರಲಿ.