ಹತ್ತು ಅಂಗುಲದ ಚಕ್ರದೊಳಗಿನ ಬ್ರೇಕು

ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಚಕ್ರವನ್ನು ನೀವು ನೋಡಿರಬಹುದು. ಟೈರು ಕೂರುವ ಅದರ ರಿಮ್ಮಿನ ವ್ಯಾಸ 10 ಅಂಗುಲ, ಅಂದರೆ ಸುಮಾರು 25 ಸೆಂಟಿಮೀಟರ್. ಅಷ್ಟೇ ವ್ಯಾಸದ ನಾಲ್ಕು ಚಕ್ರಗಳ ಮೇಲೆ ನಾಲ್ವರು ಕೂರುವ ಕಾರೊಂದು ಓಡುತ್ತಿತ್ತು. ಸಾಲದೆಂಬಂತೆ, 1964ರಲ್ಲಿ ಅದು ಆಲ್ಪ್ಸ್ ಪರ್ವತದ ಹಿಮದ ದಾರಿಗಳಲ್ಲಿ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. ಅದೇ ಬ್ರಿಟನ್ನಿನ ಮಿನಿ.

ಕಾರನ್ನು ವೇಗವಾಗಿ ಓಡಿಸುವುದು ಎಂಜಿನ್ನಿನ ಕೆಲಸ. ಆದರೆ ಅಷ್ಟು ಚಿಕ್ಕ ಚಕ್ರದೊಳಗೆ ಅದನ್ನು ನಿಲ್ಲಿಸುವ ಬ್ರೇಕನ್ನು ಅಡಗಿಸಿದ್ದು ಹೇಗೆ? ಚಕ್ರದ ವ್ಯಾಸವನ್ನು ಬದಲಿಸದೆಯೇ ಅದನ್ನು ಸುಧಾರಿಸಿದ್ದು ಹೇಗೆ? ಈ ಕಥೆ ತಂತ್ರಜ್ಞಾನದ ಒಂದು ಒಳ್ಳೆಯ ಪಾಠ.

ಚಕ್ರ ಏಕೆ ಚಿಕ್ಕದಾಯಿತು?

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಇಂಧನ ಕುಡಿಯುವ ಪುಟ್ಟ ಕಾರೊಂದು ಬೇಕಾಯಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಈ ಹೊಣೆಯನ್ನು ವಿನ್ಯಾಸಕಾರ ಅಲೆಕ್ ಇಸಿಗೋನಿಸ್‌ಗೆ ಒಪ್ಪಿಸಿತು. ಅವರ ಕಾರಿನ ಉದ್ದ ಹತ್ತೇ ಅಡಿ. ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಮುಂದಿನ ಚಕ್ರಗಳಿಗೇ ಚಾಲನೆ ಕೊಟ್ಟು, ನೆಲದ ಬಹುಪಾಲನ್ನು ಪ್ರಯಾಣಿಕರಿಗೆ ಬಿಟ್ಟುಕೊಟ್ಟರು. ಚಕ್ರ ದೊಡ್ಡದಾದರೆ ಅದರ ಗೂಡು ಕಾರಿನೊಳಗೆ ಚಾಚಿಕೊಂಡು ಜಾಗ ತಿನ್ನುತ್ತದೆ. ಆದ್ದರಿಂದ 10 ಅಂಗುಲದ ಚಕ್ರ. ಇಸಿಗೋನಿಸರೇ ಹಿಂದೆ ರೂಪಿಸಿದ್ದ ಮಾರಿಸ್ ಮೈನರ್ ಕಾರಿನ ಚಕ್ರ 14 ಅಂಗುಲದ್ದಾಗಿತ್ತು ಎಂಬುದನ್ನು ಗಮನಿಸಿ. ಹೊಸ ಅಳತೆಯ ಟೈರನ್ನು ಡನ್ಲಪ್ ಕಂಪನಿ ಮಾಡಿಕೊಟ್ಟಿತು. 1959ರ ಆಗಸ್ಟ್ 26ರಂದು ಮಿನಿ ಬಿಡುಗಡೆಯಾಯಿತು.

ಅದರ ನಾಲ್ಕೂ ಚಕ್ರಗಳಿಗೆ 7 ಅಂಗುಲದ ಡ್ರಮ್ ಬ್ರೇಕುಗಳಿದ್ದವು. ಎಂಜಿನ್ನು 848 ಸಿಸಿ, ಶಕ್ತಿ 34 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ಹಾಲು, ಹಣ್ಣು ತರಲು ಪೇಟೆಗೆ ಹೋಗಿಬರುವ ಕಾರಿಗೆ ಇಷ್ಟು ಬ್ರೇಕು ಸಾಕಾಗಿತ್ತು.

ಬ್ರೇಕು ಒಂದು ಒಲೆ

ಬ್ರೇಕು ಮಾಡುವುದೇನು? ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಬದಲಿಸುತ್ತದೆ. ಲೆಕ್ಕ ಹಾಕಿ ನೋಡಿ. ಪ್ರಯಾಣಿಕರೂ ಸೇರಿ 700 ಕಿಲೋಗ್ರಾಂ ರಾಶಿಯ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 2,70,000 ಜೂಲ್. ಒಂದು ಲೀಟರ್ ನೀರನ್ನು 35 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು! ನೀವು ಒಮ್ಮೆ ಬ್ರೇಕು ಒತ್ತಿ ಕಾರನ್ನು ನಿಲ್ಲಿಸುವ ಕೆಲವೇ ಸೆಕೆಂಡುಗಳಲ್ಲಿ ಇಷ್ಟೂ ಉಷ್ಣ ಬ್ರೇಕುಗಳ ಕಬ್ಬಿಣಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ತಿರುವು ಬರುತ್ತದೆ.

ಡ್ರಮ್ ಬಿಸಿಯಾದರೆ ಹಿಗ್ಗಿ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಲೈನರಿನ ಘರ್ಷಣೆಯೂ ಕುಗ್ಗುತ್ತದೆ. ಪೆಡಲನ್ನು ಎಷ್ಟು ಒತ್ತಿದರೂ ಕಾರು ನಿಲ್ಲದು. ಡ್ರಮ್ ಮುಚ್ಚಿದ ಡಬ್ಬಿಯಂತಿರುವುದರಿಂದ ಬಿಸಿ ಬೇಗ ಹೊರಹೋಗುವುದೂ ಇಲ್ಲ.

ಡಿಸ್ಕಿನಲ್ಲಿ ಘರ್ಷಣೆಯ ಮೇಲ್ಮೈ ಗಾಳಿಗೆ ತೆರೆದಿರುತ್ತದೆ. ಬಿಲ್ಲೆ ಹಿಗ್ಗಿದರೂ ಎರಡೂ ಬದಿಯ ಪ್ಯಾಡುಗಳ ನಡುವೆಯೇ ಇರುತ್ತದೆ. 1953ರಲ್ಲಿ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಕಾರು ಲ ಮಾನ್‌ನ 24 ಗಂಟೆಗಳ ಪಂದ್ಯ ಗೆದ್ದಾಗ ಇದರ ಗುಣ ಲೋಕಕ್ಕೆ ತಿಳಿಯಿತು.

ಮೊದಲ ಯತ್ನ

ರೇಸಿಂಗ್ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಮಿನಿಯ ರಸ್ತೆ ಹಿಡಿತವನ್ನು ಮೆಚ್ಚಿದರು. 1961ರಲ್ಲಿ ಮಿನಿ ಕೂಪರ್ ಬಂತು. ಎಂಜಿನ್ನು 997 ಸಿಸಿ, ಶಕ್ತಿ 55 ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು 137 ಕಿಲೋಮೀಟರಿಗೆ ಏರಿತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಆದ್ದರಿಂದ ಗರಿಷ್ಠ ವೇಗದಿಂದ ನಿಲ್ಲಿಸುವಾಗ ಬ್ರೇಕಿನ ಹೊರೆ ಶೇಕಡಾ 40ರಷ್ಟು ಹೆಚ್ಚಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬೇಕೇ ಬೇಕಾಯಿತು.

ಇಲ್ಲಿಯೇ ಚಿಕ್ಕ ಚಕ್ರದ ತೊಡಕು. ಡ್ರಮ್ಮಿನ ಶೂಗಳು ಅದರ ಒಳಗೇ ಇರುತ್ತವೆ. ಡಿಸ್ಕಿನ ಕ್ಯಾಲಿಪರ್ ಹಾಗಲ್ಲ. ಅದು ಬಿಲ್ಲೆಯ ಅಂಚನ್ನು ದಾಟಿ ಹೊರಗಿನಿಂದ ಅಪ್ಪಿಕೊಳ್ಳಬೇಕು. ಹಾಗಾಗಿ ರಿಮ್ಮಿಗೂ ಬಿಲ್ಲೆಗೂ ನಡುವೆ ಕ್ಯಾಲಿಪರಿಗೆ ಜಾಗ ಬಿಡಬೇಕು. ಲಾಕ್‌ಹೀಡ್ ಕಂಪನಿ ಕೊನೆಗೆ ಒದಗಿಸಿದ್ದು 7 ಅಂಗುಲದ ಪುಟ್ಟ ಬಿಲ್ಲೆ.

ಆದರೆ ಇದು ಪೂರ್ತಿ ಫಲಿಸಲಿಲ್ಲ. ಡ್ರಮ್ಮಿನಲ್ಲಿ ತಿರುಗುವ ದಿಕ್ಕಿಗೆ ಮುಖಮಾಡಿದ ಶೂವನ್ನು ಡ್ರಮ್ಮೇ ತನ್ನೆಡೆಗೆ ಎಳೆದುಕೊಂಡು ಚಾಲಕನಿಗೆ ನೆರವಾಗುತ್ತದೆ. ಡಿಸ್ಕಿಗೆ ಈ ಗುಣವಿಲ್ಲ. ಒತ್ತುವ ಬಲವನ್ನೆಲ್ಲ ಕಾಲೇ ಕೊಡಬೇಕು. ಜೊತೆಗೆ, ಬಿಲ್ಲೆಯ ತ್ರಿಜ್ಯ ಚಿಕ್ಕದಾದಷ್ಟೂ ಚಕ್ರವನ್ನು ತಡೆಯುವ ತಿರುಗುಬಲ ಕಡಿಮೆ. ಬಾಗಿಲನ್ನು ಹಿಡಿಯ ಬಳಿ ತಡೆಯುವುದಕ್ಕಿಂತ ತಿರುಗಣಿಯ ಬಳಿ ತಡೆಯುವುದು ಕಷ್ಟವಲ್ಲವೆ? ಹಾಗೆಯೇ ಇದು.

ಜಾಗವಿಲ್ಲದೆಡೆ ಜಾಣ್ಮೆ

1963ರ ಕೂಪರ್ ಎಸ್ ಈ ಕೊರತೆಗಳನ್ನು ಒಂದೊಂದಾಗಿ ನೀಗಿಸಿತು. ಬಿಲ್ಲೆ ಏಳೂವರೆ ಅಂಗುಲವಾಯಿತು. ವ್ಯಾಸದಲ್ಲಿ ಇದು ಶೇಕಡಾ 7ರ ಹೆಚ್ಚಳ ಮಾತ್ರ. ಆದರೆ ಬಿಲ್ಲೆ ದಪ್ಪವೂ ಆಯಿತು. ಕಬ್ಬಿಣ ಹೆಚ್ಚಿದಷ್ಟೂ ಅದೇ ಉಷ್ಣಕ್ಕೆ ತಾಪ ಏರುವುದು ಕಡಿಮೆ. ಹೊರಕ್ಕೆ ಬೆಳೆಯಲು ಜಾಗವಿಲ್ಲದಾಗ ಅಡ್ಡಕ್ಕೆ ಬೆಳೆದದ್ದು ಇದು!

ಎರಡನೆಯದು ಸರ್ವೊ. ಎಂಜಿನ್ನಿನ ಒಳಸೇದುವ ಕೊಳವೆಯಲ್ಲಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಈ ವ್ಯತ್ಯಾಸವನ್ನು ಅಗಲವಾದ ತೆಳುಪೊರೆಯ ಮೇಲೆ ಪ್ರಯೋಗಿಸಿ ಕಾಲಿನ ಬಲಕ್ಕೆ ನೆರವು ಕೊಟ್ಟರು. ಕ್ಯಾಲಿಪರಿನ ಪಿಸ್ಟನ್ನನ್ನು ದೊಡ್ಡದು ಮಾಡಿಯೂ ಬಲ ಹೆಚ್ಚಿಸಬಹುದು. ಇದು ಪ್ಯಾಸ್ಕಲನ ನಿಯಮ. ಆದರೆ ಆಗ ಹೆಚ್ಚು ದ್ರವವನ್ನು ತಳ್ಳಬೇಕು, ಪೆಡಲು ಇನ್ನಷ್ಟು ಕೆಳಗಿಳಿಯಬೇಕು. ಸರ್ವೊದಲ್ಲಿ ಈ ದಂಡವಿಲ್ಲ.

ಮೂರನೆಯದು ಗಾಳಿ. ಚಿಕ್ಕ ಚಕ್ರ ಬಿಲ್ಲೆಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಚಕ್ರದ ತಟ್ಟೆಯಲ್ಲಿ ಸುತ್ತಲೂ ರಂಧ್ರಗಳನ್ನು ಕೊರೆದರು. ಚಕ್ರದ ವ್ಯಾಸ ಮಾತ್ರ ಅದೇ 10 ಅಂಗುಲ.

ಹಿಂದಿನ ಚಕ್ರಗಳಿಗೆ ಡ್ರಮ್ಮನ್ನೇ ಉಳಿಸಿಕೊಂಡರು. ಇದು ಜಿಪುಣತನವಲ್ಲ. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಮಿನಿಯಲ್ಲಿ ಎಂಜಿನ್ನೂ ಮುಂದೆಯೇ ಇದೆ. ಹಗುರವಾದ ಹಿಂದಿನ ಚಕ್ರಕ್ಕೆ ಬ್ರೇಕು ಅತಿಯಾಗಿ ಹಿಡಿದರೆ ಅದು ತಿರುಗುವುದು ನಿಂತು ಜಾರುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಇದನ್ನು ತಡೆಯಲೆಂದೇ ಮಿನಿಯಲ್ಲಿ ಹಿಂಬದಿಯ ಒತ್ತಡಕ್ಕೆ ಮಿತಿ ಹಾಕುವ ಕವಾಟವಿತ್ತು.

ಕೂಪರ್ ಎಸ್ 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೊ ಮ್ಯಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಅವರ ಕೈಯಲ್ಲಿ ಮಾಂಟೆ ಕಾರ್ಲೊ ಗೆದ್ದಿತು. ಸಾಮಾನ್ಯ ಮಿನಿಗೂ 1964ರಲ್ಲಿ ಸುಧಾರಣೆ ಬಂತು. ಅದೇ ಡ್ರಮ್ಮಿನಲ್ಲಿ, ಮುಂದಿನ ಚಕ್ರಗಳ ಎರಡೂ ಶೂಗಳು ತಿರುಗುವ ದಿಕ್ಕಿನ ನೆರವು ಪಡೆಯುವಂತೆ ಜೋಡಿಸಿದರು.

ಕೊನೆಗೂ ಚಕ್ರ ದೊಡ್ಡದಾಯಿತು

1984ರಲ್ಲಿ ಎಲ್ಲ ಮಿನಿಗಳಿಗೂ 12 ಅಂಗುಲದ ಚಕ್ರ, 8.4 ಅಂಗುಲದ ಮುಂಬದಿ ಡಿಸ್ಕು ಬಂದವು. ಆದರೂ ಹಳೆಯ ಮಿನಿಯನ್ನು ಮೂಲ ಚಕ್ರದಲ್ಲೇ ಕಾಪಾಡಬೇಕೆನ್ನುವವರಿಗಾಗಿ 10 ಅಂಗುಲದೊಳಗೆ ಹಿಡಿಸುವ, ನಾಲ್ಕು ಪಿಸ್ಟನ್ನಿನ ಅಲ್ಯುಮಿನಿಯಂ ಕ್ಯಾಲಿಪರುಗಳನ್ನು ಮುಂದೆ ಕೆಲವರು ತಯಾರಿಸಿದರು.

ಈ ಕಥೆಯಿಂದ ನಾವು ತಿಳಿಯಬೇಕಾದದ್ದೇನು? 1961ರಲ್ಲಿ ಎಂಜಿನ್ನಿನ ಶಕ್ತಿ ಒಮ್ಮೆಲೇ ಶೇಕಡಾ 60ರಷ್ಟು ಏರಿತು. ಅದಕ್ಕೆ ತಕ್ಕ ಬ್ರೇಕು ಬರಲು ಮತ್ತೆರಡು ವರ್ಷ ಹಿಡಿಯಿತು. ಬ್ರೇಕೆಂದರೆ ಒಂದು ಬಿಲ್ಲೆಯಲ್ಲ. ತ್ರಿಜ್ಯ, ಒತ್ತುವ ಬಲ, ಉಷ್ಣ, ಗಾಳಿ, ಹಿಂದು ಮುಂದಿನ ಸಮತೋಲ ಎಲ್ಲವೂ ಕೂಡಿದ ವ್ಯವಸ್ಥೆ ಅದು. ಇವೆಲ್ಲ ಸರಿಯಿದ್ದರೂ ಟೈರು ರಸ್ತೆಯನ್ನು ಹಿಡಿದಷ್ಟೇ ಕಾರು ನಿಲ್ಲುತ್ತದೆ. ವಾಹನದ ವೇಗ ಹೆಚ್ಚಿಸುವ ಆಸೆ ನಿಮಗಿದ್ದರೆ, ಮೊದಲು ಅದನ್ನು ನಿಲ್ಲಿಸುವ ದಾರಿ ನೋಡಿಕೊಳ್ಳಿ.