ಅನ್ಯತ್ರವಾದ ಮತ್ತು ರುಜುವಾತಿನ ಹೊಣೆ

ಕೃತ್ಯ ನಡೆದ ವೇಳೆಯಲ್ಲಿ ತಾನು ಆ ಸ್ಥಳದಲ್ಲಿರದೆ ಬೇರೆಡೆ ಇದ್ದೆನೆಂದು ಆಪಾದಿತನು ಹೂಡುವ ವಾದಕ್ಕೆ ನ್ಯಾಯಾಲಯಗಳಲ್ಲಿ ‘ಅಲಿಬಿ’ ಎಂಬ ಹೆಸರು ರೂಢಿಯಲ್ಲಿದೆ. ಇದನ್ನು ನಾವು ಇಲ್ಲಿ ‘ಅನ್ಯತ್ರವಾದ’ವೆಂದು ಕರೆಯುತ್ತೇವೆ. ಹೆಸರು ಪರದೇಶದ್ದಾದರೂ ವಿಚಾರವು ನಮ್ಮಲ್ಲಿ ಹೊಸದಲ್ಲ.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಕಾಂಡದಲ್ಲಿ ಪ್ರತಿವಾದಿಯ ಉತ್ತರವು ನಾಲ್ಕು ವಿಧ: ಒಪ್ಪಿಗೆ, ನಿರಾಕರಣೆ, ಒಪ್ಪಿ ಕಾರಣ ಹೇಳುವುದು, ಹಿಂದೆಯೇ ತೀರ್ಪಾಗಿದೆ ಎನ್ನುವುದು. ‘ಮಿಥ್ಯೆ’ ಎನ್ನಿಸುವ ನಿರಾಕರಣೆಯಲ್ಲಿ ಮತ್ತೆ ನಾಲ್ಕು ಬಗೆ. ಆಗ ತಾನು ಅಲ್ಲಿರಲಿಲ್ಲವೆಂಬುದು ಅವುಗಳಲ್ಲೊಂದು. ಸಾಲ ಪಡೆದದ್ದು ನಿಜ, ತೀರಿಸಿದ್ದೇನೆ ಎಂದವನು ತೀರಿಸಿದ್ದನ್ನು ಸಾಧಿಸಬೇಕು. ನಿರಾಕರಿಸಿದಲ್ಲಿ ಸಾಧಿಸುವ ಹೊಣೆ ವಾದಿಯದು. ದಿವ್ಯಪರೀಕ್ಷೆಯನ್ನೂ ಅಂಗೀಕರಿಸಿದ್ದ ಆ ವ್ಯವಸ್ಥೆಯು ಇಂದಿನದಕ್ಕೆ ಸಮವೆಂಬುದು ನಮ್ಮ ಅಭಿಪ್ರಾಯವಲ್ಲ. ಅನ್ಯತ್ರವಾದವನ್ನು ಅದು ನಿರಾಕರಣೆಯ ವರ್ಗದಲ್ಲಿಟ್ಟಿತೆಂಬುದಷ್ಟೇ ಗಮನಾರ್ಹ.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಭಾರತ ಸಾಕ್ಷ್ಯ ಅಧಿನಿಯಮವು ಇದೇ ಸಂಗತಿಯನ್ನು ಬೇರೊಂದು ಮಗ್ಗುಲಿನಿಂದ ಕಂಡಿತು. ಕಲ್ಕತ್ತದಲ್ಲಿ ಅಪರಾಧವೆಸಗಿದನೆಂಬವನು ಅದೇ ದಿನ ಲಾಹೋರಿನಲ್ಲಿದ್ದನೆಂಬುದು ಪ್ರಸ್ತುತ ಸಂಗತಿಯೆಂದು 11ನೆಯ ಪ್ರಕರಣದ ದೃಷ್ಟಾಂತ ತಿಳಿಸಿತು. ಬೇರೆಡೆ ಇದ್ದೆನೆಂದು ನಂಬಿಸಬಯಸುವವನೇ ಅದನ್ನು ರುಜುಪಡಿಸಬೇಕೆಂದು 103ನೆಯ ಪ್ರಕರಣದ ದೃಷ್ಟಾಂತ ವಿಧಿಸಿತು. ‘ಅಲ್ಲಿರಲಿಲ್ಲ’ ಎಂಬ ನಿರಾಕರಣೆಯು ಹೀಗೆ ‘ಇಲ್ಲಿದ್ದೆ’ ಎಂಬ ಪ್ರತಿಪಾದನೆಯಾಯಿತು. ಹೊಣೆಯೂ ಅದರೊಡನೆ ಆಪಾದಿತನತ್ತ ಸರಿಯಿತು.

ಇದರ ಪರಿಣಾಮವು ಕೇವಲ ಶಾಸ್ತ್ರೀಯವಲ್ಲ. ಕಚೇರಿಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವವನಿಗೆ ದಾಖಲೆಯುಂಟು. ರಾತ್ರಿ ತನ್ನ ಗುಡಿಸಿಲಿನಲ್ಲಿ ಮಲಗಿದ್ದ ಕೂಲಿಕಾರನಿಗೆ ಹೆಂಡತಿ ಮಕ್ಕಳಲ್ಲದೆ ಬೇರೆ ಸಾಕ್ಷಿಗಳೆಲ್ಲಿ? ಅವನ ವಾದ ನಿಲ್ಲದಿದ್ದರೆ ಅದನ್ನೇ ಅಪರಾಧಕ್ಕೆ ಪುರಾವೆಯಾಗಿ ಎಣಿಸುವ ಅಪಾಯವಿದೆ.

ಈ ಅಪಾಯಕ್ಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಮೇರೆ ಹಾಕಿವೆ. ಆಪಾದಿತನು ಸ್ಥಳದಲ್ಲಿರುವುದೇ ಅಸಾಧ್ಯವಾಗಿತ್ತೆಂದು ತೋರಿದಾಗ ಮಾತ್ರ ಅನ್ಯತ್ರವಾದ ಸಿದ್ಧಿಸುವುದೆಂದು 1981ರ ದೂಧ್‌ನಾಥ್ ಪಾಂಡೆ ಮೊಕದ್ದಮೆಯಲ್ಲಿ ಹೇಳಿದ ನ್ಯಾಯಾಲಯವು, ಅವನ ಸಾಕ್ಷಿಗಳನ್ನು ಅಭಿಯೋಜನೆಯ ಸಾಕ್ಷಿಗಳಂತೆಯೇ ಸಮಾನವಾಗಿ ಕಾಣಬೇಕೆಂದೂ ಹೇಳಿತು. 1996ರ ಬಿನಯ್ ಕುಮಾರ್ ಸಿಂಗ್ ಮೊಕದ್ದಮೆಯ ತೀರ್ಪಿನಂತೆ, ಆಪಾದಿತನು ಸ್ಥಳದಲ್ಲಿದ್ದು ಕೃತ್ಯದಲ್ಲಿ ಪಾಲ್ಗೊಂಡನೆಂಬುದನ್ನು ಮೊದಲು ಅಭಿಯೋಜನೆಯೇ ಸ್ಥಾಪಿಸಬೇಕು. ಅನ್ಯತ್ರವಾದ ಹೂಡಿದ ಮಾತ್ರಕ್ಕೆ ಆ ಹೊಣೆ ಹಗುರವಾಗದು. ಅದು ನೆರವೇರಿದ ಬಳಿಕವೇ ಆಪಾದಿತನ ಸರದಿ; ಆಗ ಅವನ ರುಜುವಾತು ಸಂದೇಹಕ್ಕೆಡೆಯಿಲ್ಲದಂತಿರಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 9 ಮತ್ತು 106ನೆಯ ಪ್ರಕರಣಗಳು ಹಳೆಯ ನಿಯಮಗಳನ್ನೇ ಉಳಿಸಿಕೊಂಡಿವೆ. ಆದುದರಿಂದ ಈ ಅನುಕ್ರಮದ ಮಹತ್ವವೂ ಉಳಿದಿದೆ. ಮೊದಲು ಆರೋಪಿಸಿದವನು ಸಾಧಿಸಲೆಂಬುದು ವಿಜ್ಞಾನೇಶ್ವರನ ವರ್ಗೀಕರಣದಲ್ಲಿ ಅಡಗಿದ್ದ ತತ್ತ್ವ. 1872ರ ದೃಷ್ಟಾಂತವನ್ನು ಬಿಡಿಯಾಗಿ ಓದಿದರೆ ಮರೆಯಾಗಬಹುದಾದ ಅದನ್ನು ನ್ಯಾಯಾಲಯವು ತನ್ನದೇ ದಾರಿಯಿಂದ ಕಂಡುಕೊಂಡಿತೆಂದು ನಾವು ಭಾವಿಸುತ್ತೇವೆ.